ರಬ್ಬರ್ ಎಳೀಬೇಡ, ಮಗಾ

ಶೆಡ್ಡಿನಲ್ಲಿ ನಿಂತಿರೋ ನನ್ನ ಅಂಬಾಸಿಡರನ್ನ ರಸ್ತೆಗೆ ಇಳಿಸ್ತೀನಿ ಅಂದೆಯಲ್ಲ, ಹೊಟ್ಟೆ ತಣ್ಣಗಾಯ್ತು. ಆದರೆ ಬಾಗಿಲ ರಬ್ಬರ್ ತರೋಕೆ ಬರಿಗೈಯಲ್ಲಿ ಜೆ.ಸಿ. ರೋಡಿಗೆ ಹೊರಟಿದ್ದೀಯಲ್ಲ, ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದವನು ನೀನು! ಎರಡು ನಿಮಿಷ ಕೂತ್ಕೋ.

ಮೊದಲು ಬಾಗಿಲು ತೆಗೆದು ತುದಿ ಹಿಡಿದು ಮೇಲಕ್ಕೆತ್ತು. ಲೊಡಲೊಡ ಅಂದರೆ ಕೀಲು ಸವೆದಿದೆ. ಅದನ್ನ ಸರಿ ಮಾಡಿಸದೆ ಎಂಥ ರಬ್ಬರ್ ಹಾಕಿದರೂ ನೀರು ಬಂದೇ ಬರುತ್ತೆ.

ಹಳೇ ರಬ್ಬರಿನಲ್ಲಿ ಆಕಾರ ಉಳಿದಿರೋ ಕಡೆ ಗೇಣುದ್ದ ಕೊಯ್ದು ಜೇಬಿಗೆ ಹಾಕ್ಕೋ. 2014ರಲ್ಲೇ ಉತ್ತರಪಾರಾದ ಕಾರ್ಖಾನೆಯಲ್ಲಿ ಈ ಕಾರಿನ ತಯಾರಿ ನಿಂತಿತು, ಈಗ ಅಂಗಡೀಲಿ ಯಾರ್ಯಾರೋ ಮಾಡಿದ್ದು ಇರಬಹುದು. ಅದಕ್ಕೇ ಅಂಗಡಿಯವನು ಹೇಳೋ ಹೆಸರು ನಂಬಬೇಡ, ತುಂಡಿನ ಪಕ್ಕ ಇಟ್ಟು ನೋಡು. ಬೆರಳಲ್ಲಿ ಅಮುಕಿ ಬಿಟ್ಟರೆ ತಕ್ಷಣ ಉಬ್ಬಬೇಕು. ಇಪಿಡಿಎಂ ರಬ್ಬರ್ ಕೇಳು, ಬಿಸಿಲಿಗೆ ಬೇಗ ಬಿರಿಯಲ್ಲ. ದಪ್ಪಗಿದ್ದರೆ ಒಳ್ಳೇದು ಅಂದ್ಕೋಬೇಡ, ಬಾಗಿಲೇ ಕೂರಲ್ಲ.

ಹಾಕೋ ಮುಂಚೆ ಹಳೇ ಗಮ್ ಪೂರ್ತಿ ಕೆರೆದು ತೆಗಿ. ತುಕ್ಕಿದ್ದರೆ ಉಜ್ಜಿ ಪ್ರೈಮರ್ ಹಚ್ಚು. ತುಕ್ಕಿನ ಮೇಲೆ ಅಂಟಿಸಿದ್ದು ತುಕ್ಕಿನ ಜತೆಗೇ ಉದುರುತ್ತೆ. ಹೊಸ ಗಮ್ಮನ್ನ ರಬ್ಬರಿಗೂ ತಗಡಿಗೂ ತೆಳ್ಳಗೆ ಸವರಿ, ಕೈಗೆ ಹತ್ತದಷ್ಟು ಆರಿದ ಮೇಲೆ ಒತ್ತು. ಜೋಡಿಸೋ ಜಾಗ ಬಾಗಿಲ ಕೆಳಗಡೆ ಬರಲಿ.

ಮುಖ್ಯವಾದ ಮಾತು, ರಬ್ಬರನ್ನ ಎಳೀಬೇಡ. ನಿನ್ನ ವಯಸ್ಸಲ್ಲಿ ನಾನು ನಾಲ್ಕು ಬೆರಳು ಸಾಲದಿದ್ದಾಗ ಜಗ್ಗಿ ಕೂರಿಸಿದೆ. ಅವತ್ತು ನೀಟಾಗೇ ಇತ್ತು. ಒಂದು ಬೇಸಿಗೆ ಕಳೆಯೋದರೊಳಗೆ ಕುಗ್ಗಿ ಮೂಲೆಯಲ್ಲಿ ಬಾಯಿ ಬಿಡ್ತು. ಆಗುಂಬೆ ಘಾಟಿಯಲ್ಲಿ ನಿಮ್ಮಜ್ಜಿ ಸೆರಗು ತೊಯ್ದು ತೊಪ್ಪೆ! ಮೂಲೆಗೆ ಬಂದಾಗ ಒಂಚೂರು ಹೆಚ್ಚೇ ಕೊಟ್ಟು ಒತ್ತು. ಜಗ್ಗಿ ಕೂರಿಸಿದ್ದು ಯಾವತ್ತಿದ್ದರೂ ತನ್ನ ಅಳತೆಗೆ ವಾಪಸ್ ಹೋಗುತ್ತೆ.

ಆಮೇಲೆ ಕಾಗದದ ಚೂರು ಸಿಕ್ಕಿಸಿ ಬಾಗಿಲು ಹಾಕಿ, ಎಳೆದು ನೋಡು. ಬಿಗಿಯಾಗಿ ಬಂದರೆ ಸರಿ. ಸಲೀಸಾಗಿ ಜಾರಿದರೆ ನೀರಿನ ದಾರಿ ಅದೇ. ಹೀಗೇ ಸುತ್ತಲೂ ನೋಡ್ತಾ ಬಾ. ಆದರೆ ಬಾಗಿಲ ತಳದ ತೂತುಗಳನ್ನ ಮಾತ್ರ ಮುಚ್ಚಬೇಡ. ಗಾಜಿನ ಪಕ್ಕ ಒಳಗಿಳಿದ ನೀರು ಆಚೆ ಹೋಗೋದು ಅಲ್ಲಿಂದಲೇ. ಕಟ್ಟಿದರೆ ಬಾಗಿಲು ಒಳಗಿಂದ ಕೊಳೆಯುತ್ತೆ.

ಹೊಸ ಚಪ್ಪಲಿ ಕಚ್ಚೋ ಹಾಗೆ ಬಾಗಿಲು ಕೆಲವು ದಿನ ಬಿಗಿ ಇರುತ್ತೆ. ಅವತ್ತೇ ಸ್ಪ್ಯಾನರ್ ಹಿಡಿದು ಲಾಕ್ ಸಡಿಲಿಸೋಕೆ ಹೋಗಬೇಡ, ರಬ್ಬರ್ ಪಳಗಲಿ.

ಮೊದಲ ಮಳೆ ಹುಯ್ದ ದಿನ ಫೋನ್ ಮಾಡು. ಅಜ್ಜೀನ ಕರ್ಕೊಂಡು ಬರ್ತೀನಿ. ಅವಳು ಅದೇ ಮೂಲೆಯಲ್ಲೇ ಕೂರಲಿ.