ಮೊಮ್ಮಕ್ಕಳಿಗೆ ವಾಹನ ಕಲಿಸುವ ಹಿರಿಯರು ಅರಿತಿರಬೇಕಾದ ಕಾನೂನು

ದಂಡಿನಶಿವರದಿಂದ ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಗಳವರೆಗೆ ಹಬ್ಬಿರುವ ನಮ್ಮ ತೆಂಗಿನ ಸೀಮೆಯಲ್ಲಿ, ಕೆಡವಿದ ಕಾಯನ್ನು ತೋಟದಿಂದ ಅಟ್ಟಕ್ಕೂ, ಸುಲಿದು ತೆಗೆದ ಉಂಡೆ ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೂ ಸಾಗಿಸುವ ಕೆಲಸ ಇಂದು ವಾಹನವಿಲ್ಲದೆ ನಡೆಯುವಂತಿಲ್ಲವಾದುದರಿಂದ, ಹೈಸ್ಕೂಲು ಮುಟ್ಟಿದ ಮೊಮ್ಮಗನಿಗೆ ತಾತನೇ ಮೊಪೆಡ್ಡನ್ನೋ ಟ್ರ್ಯಾಕ್ಟರನ್ನೋ ಕಲಿಸುವ ವಾಡಿಕೆ ಬೆಳೆದುಬಂದಿದೆ. ಕಲಿಸುವುದು ದೋಷವಲ್ಲ, ಯಾವ ವಯಸ್ಸಿನಲ್ಲಿ, ಯಾವ ನೆಲದ ಮೇಲೆ, ಯಾವ ಕಾಗದವನ್ನು ಕೈಯಲ್ಲಿಟ್ಟುಕೊಂಡು ಕಲಿಸತಕ್ಕದ್ದೆಂಬುದನ್ನು ಅರಿಯದೆ ಕಲಿಸುವುದು ದೋಷ. 2019ರಿಂದೀಚೆಗೆ ಆ ದೋಷದ ಭಾರ ಹುಡುಗನಿಗಿಂತ ಹೆಚ್ಚಾಗಿ ಮನೆಯ ಹಿರಿಯರ ಮೇಲೆಯೇ ಬೀಳುತ್ತದೆ.

1988ರ ಮೋಟಾರು ವಾಹನ ಅಧಿನಿಯಮದ 4ನೆಯ ಕಲಮಿನ ಪ್ರಕಾರ, ಹದಿನೆಂಟು ವರ್ಷ ತುಂಬದವರು ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನವನ್ನು ನಡೆಸಕೂಡದು. ಇದಕ್ಕಿರುವ ವಿನಾಯಿತಿ ಒಂದೇ: 50 ಸಿಸಿಗೆ ಮೀರದ ಎಂಜಿನ್ನಿನ ದ್ವಿಚಕ್ರ ವಾಹನವನ್ನು, ಪೋಷಕರ ಲಿಖಿತ ಸಮ್ಮತಿಯೊಡನೆ ಲೈಸೆನ್ಸು ಪಡೆದು, ಹದಿನಾರು ತುಂಬಿದವರು ಓಡಿಸಬಹುದು. ಲೂನಾ, ಟಿವಿಎಸ್ 50ಗಳ ಕಾಲವನ್ನು ಕಂಡ ಹಿರಿಯರು ಈ ವಿನಾಯಿತಿಯನ್ನು ನೆನಪಿನಲ್ಲಿಟ್ಟುಕೊಂಡು, ಇಂದಿನ ಎಕ್ಸೆಲ್ ಮೊಪೆಡ್ಡಿಗೂ ಅದು ಸಲ್ಲುವುದೆಂದು ಭಾವಿಸುವುದುಂಟು. ಇಂದಿನ ಎಕ್ಸೆಲ್ಲಿನ ಎಂಜಿನ್ ನೂರು ಸಿಸಿಯ ಆಸುಪಾಸಿನದು. ಹದಿನಾರರ ಹುಡುಗನಿಗೆ ಅದು ನಿಷಿದ್ಧವೇ. ಟ್ರ್ಯಾಕ್ಟರ್ ಕೃಷಿಯ ಉಪಕರಣ, ಅದಕ್ಕೇಕೆ ಲೈಸೆನ್ಸು ಎಂಬ ಮಾತೂ ಹಾಗೆಯೇ ತಪ್ಪು. ರಸ್ತೆಗಿಳಿದ ಟ್ರ್ಯಾಕ್ಟರಿಗೆ ಲೈಸೆನ್ಸು ಬೇಕೇ ಬೇಕು.

ಹಾಗಾದರೆ ಸ್ವಂತ ತೋಟದೊಳಗೆ ಕಲಿಸಬಹುದೇ? ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ರಸ್ತೆ, ಬೀದಿ, ದಾರಿ ಅಥವಾ ಇತರ ಸ್ಥಳವನ್ನೇ ಅಧಿನಿಯಮ ಸಾರ್ವಜನಿಕ ಸ್ಥಳವೆಂದು ಕರೆದಿರುವುದರಿಂದ, ಬೇಲಿಯೊಳಗಿನ ಖಾಸಗಿ ನೆಲಕ್ಕೆ 4ನೆಯ ಕಲಮಿನ ನಿಷೇಧ ಅನ್ವಯಿಸದು. ಆದರೆ ನಮ್ಮ ತೋಟಗಳ ನಡುವೆ ಹಾದುಹೋಗುವ ನಕಾಶೆಯ ಬಂಡಿದಾರಿ ಯಾರ ಖಾಸಗಿ ಸ್ವತ್ತೂ ಅಲ್ಲ. ಎರಡೂ ಬದಿಯ ಮರಗಳು ಒಬ್ಬನವೇ ಆಗಿದ್ದರೂ, ಊರಿನವರೆಲ್ಲ ನಡೆದಾಡುವ ಹಕ್ಕುಳ್ಳ ಆ ದಾರಿ ಸಾರ್ವಜನಿಕ ಸ್ಥಳವೇ. ಕೆರೆಯ ಏರಿಯ ಮೇಲಿನ ರಸ್ತೆಯೂ ಅದೇ. ಅಲ್ಲದೆ, ಬೇಲಿಯೊಳಗಾದರೂ ಕಾಯಿ ಆಯುವ ಕೂಲಿಯವಳೊಬ್ಬಳಿಗೆ ಚಾಲಕನ ಅಜಾಗರೂಕತೆಯಿಂದ ಅಪಾಯವಾದರೆ, ಭಾರತೀಯ ನ್ಯಾಯ ಸಂಹಿತೆಯ ಹೊಣೆಯಿಂದ ಯಾರೂ ಪಾರಾಗಲಾರರು. ಕಲಿಯುವವರು ಹದಿನೆಂಟರೊಳಗಿನವರಾದರೆ, ಜನಸಂಚಾರವಿಲ್ಲದ ಖಾಲಿ ಹೊಲದಲ್ಲಿ, ಎಂಜಿನ್ ಆರಿಸಿಟ್ಟು ಕ್ಲಚ್ಚು, ಬ್ರೇಕು, ಗೇರುಗಳ ಪರಿಚಯ ಮಾಡಿಸುವುದಕ್ಕಿಂತ ಮುಂದೆ ಹೋಗದಿರುವುದೇ ವಿವೇಕವೆಂದು ನನ್ನ ದೃಢ ಅಭಿಪ್ರಾಯ.

ಈಗ ಮುಖ್ಯ ವಿಷಯಕ್ಕೆ ಬರೋಣ. 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ, ಅದೇ ಅಧಿನಿಯಮದ 199ಎ ಕಲಮಿನಂತೆ, ಅಪ್ರಾಪ್ತ ವಯಸ್ಕನು ವಾಹನ ನಡೆಸಿ ಅಪರಾಧವೆಸಗಿದಲ್ಲಿ, ಅವನ ಪೋಷಕನನ್ನು ಅಥವಾ ವಾಹನದ ಮಾಲೀಕನನ್ನೇ ತಪ್ಪಿತಸ್ಥನೆಂದು ಭಾವಿಸತಕ್ಕದ್ದು; ಶಿಕ್ಷೆ ಮೂರು ವರ್ಷಗಳವರೆಗಿನ ಕಾರಾವಾಸ ಮತ್ತು 25,000 ರೂಪಾಯಿ ದಂಡ. ಆರ್‌ಸಿ ತಾತನ ಹೆಸರಿನಲ್ಲಿದ್ದರೆ ಕಟಕಟೆಯಲ್ಲಿ ನಿಲ್ಲುವವನು ತಾತ. ವಾಹನದ ನೋಂದಣಿ ಹನ್ನೆರಡು ತಿಂಗಳ ಕಾಲ ರದ್ದಾಗುತ್ತದೆ. ಆ ಹುಡುಗನಿಗಾಗಲಿ ಹುಡುಗಿಗಾಗಲಿ ಇಪ್ಪತ್ತೈದು ತುಂಬುವವರೆಗೆ ಕಲಿಕಾ ಲೈಸೆನ್ಸಾದ ಎಲ್‌ಎಲ್‌ಆರ್ ಕೂಡ ಸಿಗುವುದಿಲ್ಲ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಅಲೆಯುವ ಯುವಕನೊಬ್ಬನಿಗೆ ಈ ಏಳೆಂಟು ವರ್ಷಗಳ ನಿಷೇಧ ಎಷ್ಟು ದೊಡ್ಡ ನಷ್ಟವೆಂಬುದನ್ನು, ಅವನ ಭವಿಷ್ಯವನ್ನು ಬಯಸುವ ಹಿರಿಯರು ಕ್ಷಣಕಾಲ ಯೋಚಿಸಬೇಕು. ತನಗರಿವಿಲ್ಲದೆ ಅಥವಾ ತಾನು ತಕ್ಕ ಎಚ್ಚರ ವಹಿಸಿಯೂ ಅಪರಾಧ ನಡೆಯಿತೆಂದು ಸಾಧಿಸುವ ಅವಕಾಶ ಆಪಾದಿತನಿಗೆ ಇದೆ; ಆದರೆ ಸಾಧಿಸುವ ಹೊಣೆಯೂ ಅವನದೇ.

ಅದೇನು ಸುಲಭವಲ್ಲ. ಮನೆಯಲ್ಲಿದ್ದ ಕೀಲಿಯನ್ನು ಅಪ್ರಾಪ್ತ ಬಂಧುವೊಬ್ಬನು ತನಗೆ ಹೇಳದೆ ಒಯ್ದನೆಂದು ಬೈಕಿನ ಮಾಲೀಕನು ವಾದಿಸಿದ ಪ್ರಕರಣವೊಂದರಲ್ಲಿ, ವಾಹನದ ದುರುಪಯೋಗವಾಗದಂತೆ ನೋಡಿಕೊಳ್ಳುವುದು ಮಾಲೀಕನ ಕರ್ತವ್ಯವೆಂದು 2011ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿ, ವಿಮಾ ಕಂಪನಿ ತೆತ್ತ ಪರಿಹಾರವನ್ನು ಮಾಲೀಕನಿಂದಲೇ ವಸೂಲು ಮಾಡಲು ಇದ್ದ ಆದೇಶವನ್ನು ಎತ್ತಿಹಿಡಿಯಿತು. ಬಾಗಿಲ ಪಕ್ಕದ ಮೊಳೆಗೆ ಕೀಲಿಯನ್ನು ತೂಗುಹಾಕುವ ನಮ್ಮ ಮನೆಗಳ ಪದ್ಧತಿ ಇಂಥ ವಿಚಾರಣೆಯ ಮುಂದೆ ನಿಲ್ಲಲಾರದು.

ಹದಿನೆಂಟು ತುಂಬಿದ ಮೇಲೆ ದಾರಿ ಸರಳ. ಸಾರಥಿ ಜಾಲತಾಣದಲ್ಲಿ ಎಲ್‌ಎಲ್‌ಆರ್‌ಗೆ ಅರ್ಜಿ ಸಲ್ಲಿಸಿ, ಸಂಚಾರ ಚಿಹ್ನೆಗಳ ಪ್ರಾಥಮಿಕ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ನಮ್ಮ ಸೀಮೆಯವರಿಗೆ ಸಮೀಪದ ಆರ್‌ಟಿಓ ಆಫೀಸು ಕೆಎ 44 ಸಂಕೇತದ ತಿಪಟೂರಿನದು. ಎಲ್‌ಎಲ್‌ಆರ್ ಆರು ತಿಂಗಳು ಊರ್ಜಿತವಾಗಿರುತ್ತದೆ. ಮೂವತ್ತು ದಿನ ಕಳೆಯದೆ ಡಿಎಲ್ ಪರೀಕ್ಷೆಗೆ ಹೋಗುವಂತಿಲ್ಲ. ಆ ಅವಧಿಯಲ್ಲಿ ವಾಹನದ ಹಿಂದೆ ಮುಂದೆ ಬಿಳಿಯ ಹಿನ್ನೆಲೆಯಲ್ಲಿ ಕೆಂಪು ಬಣ್ಣದ ಎಲ್ ಬೋರ್ಡು ಇರಬೇಕು. ಚಲಾಯಿಸುವವನ ಬದಿಯಲ್ಲಿ, ಅಗತ್ಯ ಬಿದ್ದರೆ ವಾಹನವನ್ನು ನಿಲ್ಲಿಸಬಲ್ಲಂತೆ, ಊರ್ಜಿತ ಲೈಸೆನ್ಸುಳ್ಳ ಬೋಧಕನು ಕುಳಿತಿರಬೇಕು. ಹಣ ಪಡೆದು ಕಲಿಸುವವರಿಗೆ ಮಾತ್ರ ಶಾಲೆಯ ಪರವಾನಗಿ ಬೇಕಾದುದರಿಂದ, ಮೊಮ್ಮಗಳಿಗೆ ಕಲಿಸುವ ತಾತನೇ ಆ ಬೋಧಕನಾಗಬಹುದು.

ಇಲ್ಲಿಯೇ ಅನೇಕರು ಎಡವುತ್ತಾರೆ. ಐವತ್ತೈದು ದಾಟಿದವರ ಲೈಸೆನ್ಸು ಒಮ್ಮೆಗೆ ಐದು ವರ್ಷಕ್ಕಷ್ಟೇ ನವೀಕರಣವಾಗುತ್ತದೆ, ಅದಕ್ಕೆ ವೈದ್ಯರ ಪ್ರಮಾಣಪತ್ರವೂ ಬೇಕು. ಅವಧಿ ಮುಗಿದು ಒಂದು ವರ್ಷ ಕಳೆದರೆ ಮತ್ತೆ ಪರೀಕ್ಷೆಗೇ ನಿಲ್ಲಬೇಕಾಗುತ್ತದೆ. ಅರ್ಧ ಶತಮಾನದ ಅನುಭವವಿದ್ದರೂ, ಅವಧಿ ತೀರಿದ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡವನು ಕಾನೂನಿನ ಕಣ್ಣಿಗೆ ಬೋಧಕನಲ್ಲ. ಕಲಿಸಲು ಕೂರುವ ಮುನ್ನ ತಮ್ಮ ಕಾರ್ಡಿನ ಮೇಲಿನ ದಿನಾಂಕವನ್ನು ಹಿರಿಯರು ಓದಿಕೊಳ್ಳಲಿ.

ಪೌರನ ಹಕ್ಕುಗಳೂ ಇವೆ. ಎಲ್‌ಎಲ್‌ಆರ್ ಅಥವಾ ಡಿಎಲ್ ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೊಡಬೇಕು. ಮೂವತ್ತು ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಪರೀಕ್ಷೆಯಲ್ಲಿ ಅನುತ್ತೀರ್ಣರಾದವರು ಏಳು ದಿನಗಳ ಬಳಿಕ ಪುನಃ ಹಾಜರಾಗಬಹುದು. ಸಕಾಲ ಅಧಿನಿಯಮದಂತೆ ಸೇವೆ ನಿಗದಿತ ಅವಧಿಯಲ್ಲಿ ದೊರೆಯದಿದ್ದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿಗೆ ಮೀರದಂತೆ ಪರಿಹಾರ ಕೇಳಬಹುದಾದುದರಿಂದ, ಅರ್ಜಿಯ ಸಂಖ್ಯೆಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಪೊಲೀಸರು ಲೈಸೆನ್ಸನ್ನು ವಶಪಡಿಸಿಕೊಂಡರೆ ತಾತ್ಕಾಲಿಕ ರಸೀದಿಯನ್ನು ಕೇಳಿ ಪಡೆಯಿರಿ. ಪ್ರಕರಣ ದಾಖಲಾದ ಪಕ್ಷದಲ್ಲಿ ಮಹಿಳೆಯರಿಗೂ ಮಕ್ಕಳಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ, ಆದಾಯವೆಷ್ಟೇ ಇರಲಿ, ಉಚಿತ ವಕೀಲರ ನೆರವು ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ದೊರೆಯುತ್ತದೆ. ದೂರವಾಣಿ ಮೂಲಕ ಸಲಹೆ ಬೇಕಾದವರು 15100ಕ್ಕೆ ಕರೆ ಮಾಡಬಹುದು.