ಸಾಲು ಸಾಲೂ ನಿಜ, ಆದರೂ ಮುಸಾವಾದವೇ?

*ದಿನದ ಧಮ್ಮ ಚಿಂತನೆ: ಸಮ್ಮಾ ವಾಚಾ*

ನಮ್ಮ ಬಳಗದಲ್ಲಿ ಪಿಆರ್, ಅಂದರೆ ಸಾರ್ವಜನಿಕ ಸಂಪರ್ಕದ ಕೆಲಸದಲ್ಲಿರುವವರು ಕೆಲವರಿದ್ದಾರೆ. ಅವರಲ್ಲೊಬ್ಬರು ನನಗೆ ಬರೆದರು: "ಸರ್, ನನ್ನ ಪ್ರೆಸ್ ನೋಟ್‌ನಲ್ಲಿ ಒಂದು ಸಾಲೂ ಸುಳ್ಳಿರುವುದಿಲ್ಲ. ಲೀಗಲ್‌ನವರು ಪ್ರತಿ ಪದ ನೋಡಿರುತ್ತಾರೆ. ಆದರೂ ಕಳಿಸಿದ ಮೇಲೆ ಮನಸ್ಸಿಗೆ ಸಮಾಧಾನ ಇರುವುದಿಲ್ಲ. ನಾಲ್ಕನೇ ಶೀಲ ಮುರಿಯಿತೇ?" ಈ ಪ್ರಶ್ನೆ ನಮ್ಮೆಲ್ಲರದೂ ಹೌದು. ಹಾಗಾಗಿ ಇಂದಿನ ಪಾಠ ಇದೇ.

*ಒಂದು ಜಾಹೀರಾತಿನ ಕಥೆ*

1953ರಲ್ಲಿ ಅಮೆರಿಕದ ವಿಜ್ಞಾನಿಗಳು ಸಿಗರೇಟಿನ ಟಾರನ್ನು ಇಲಿಗಳ ಚರ್ಮಕ್ಕೆ ಹಚ್ಚಿ, ಅದರಿಂದ ಕ್ಯಾನ್ಸರ್ ಗಡ್ಡೆ ಬೆಳೆಯುವುದನ್ನು ತೋರಿಸಿದರು. ಸಿಗರೇಟ್ ಕಂಪನಿಗಳ ಮುಖ್ಯಸ್ಥರು ಆ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಸೇರಿ, ಹಿಲ್ ಅಂಡ್ ನೋಲ್ಟನ್ ಎಂಬ ಪಿಆರ್ ಸಂಸ್ಥೆಯ ನೆರವು ಪಡೆದರು. 1954ರ ಜನವರಿ 4ರಂದು ನಾನೂರಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಒಂದು ಪುಟದ ಹೇಳಿಕೆ ಬಂತು. ತಜ್ಞರಲ್ಲಿ ಒಮ್ಮತವಿಲ್ಲ, ಕ್ಯಾನ್ಸರಿಗೆ ಕಾರಣಗಳು ಹಲವು ಇರಬಹುದು, ಜನರ ಆರೋಗ್ಯವೇ ನಮಗೆ ಮೊದಲು, ಸಂಶೋಧನೆಗೆ ನಾವೇ ಹಣ ಕೊಡುತ್ತೇವೆ ಎಂಬುದು ಅದರ ಸಾರ.

ಬಿಡಿಬಿಡಿಯಾಗಿ ನೋಡಿದರೆ ಹಲವು ಸಾಲುಗಳನ್ನು ಅಂದು ಸಮರ್ಥಿಸಬಹುದಿತ್ತು. ತಜ್ಞರಲ್ಲಿ ಭಿನ್ನಮತ ಇದ್ದದ್ದು ನಿಜ, ಸಂಶೋಧನೆಗೆ ಹಣ ಕೊಟ್ಟದ್ದೂ ನಿಜ. ಆದರೆ ಓದಿದವನ ಮನಸ್ಸಿನಲ್ಲಿ ಉಳಿದದ್ದು "ಇನ್ನೂ ಏನೂ ಖಚಿತವಿಲ್ಲ, ಸೇದಬಹುದು" ಎಂಬ ಭಾವನೆ. ಅನುಮಾನ ಹುಟ್ಟಿಸುವುದೇ ತಮ್ಮ ವ್ಯಾಪಾರ ಎಂದು ಅದೇ ಉದ್ಯಮದ ಕಂಪನಿಯೊಂದರ 1969ರ ಒಳಟಿಪ್ಪಣಿ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಕಂಪನಿಗಳು ದಶಕಗಳ ಕಾಲ ಜನರನ್ನು ವಂಚಿಸಿದವು ಎಂದು ಅಮೆರಿಕದ ಫೆಡರಲ್ ನ್ಯಾಯಾಲಯ ತೀರ್ಪು ಕೊಟ್ಟಾಗ 2006 ಆಗಿತ್ತು. ಅಷ್ಟರಲ್ಲಿ ಎಷ್ಟೋ ಮನೆಗಳ ದೀಪ ಆರಿಹೋಗಿತ್ತು.

*ಶೀಲ ಎಲ್ಲಿ ಮುರಿಯುತ್ತದೆ?*

ಮುಸಾವಾದಕ್ಕೆ ನಾಲ್ಕು ಅಂಗಗಳನ್ನು ಅಟ್ಠಕಥೆಗಳು ಹೇಳುತ್ತವೆ: ಸಂಗತಿ ನಿಜವಲ್ಲದಿರುವುದು, ವಂಚಿಸುವ ಚಿತ್ತ, ಅದಕ್ಕೆ ತಕ್ಕ ಪ್ರಯತ್ನ, ಕೇಳಿದವನು ಅದನ್ನೇ ಗ್ರಹಿಸುವುದು. ಬಾಯಿಂದಲೇ ಹೇಳಬೇಕೆಂದಿಲ್ಲ, ಸನ್ನೆಯೂ ಸಾಕು. ಇದನ್ನು ನಾನು ಹೀಗೆ ಅರ್ಥಮಾಡಿಕೊಳ್ಳುತ್ತೇನೆ: ನಿಜವಾದ ಸಾಲುಗಳನ್ನೇ ಪೋಣಿಸಿ ಓದುಗನ ತಲೆಯಲ್ಲಿ ನಿಜವಲ್ಲದ್ದನ್ನು ಕೂರಿಸಿದರೆ, ಆ ಸಾಲುಗಳೇ ಸನ್ನೆಯ ಕೆಲಸ ಮಾಡಿದಂತೆ. ಲೀಗಲ್‌ನವರು ಪದಗಳನ್ನು ಪರೀಕ್ಷಿಸಬಲ್ಲರು. ಚಿತ್ತವನ್ನು ಪರೀಕ್ಷಿಸಬೇಕಾದವರು ನಾವೇ.

*ಮಗುವಿನ ಬಾಯಿಯ ಕಲ್ಲು*

ಮಜ್ಝಿಮ ನಿಕಾಯದ ಅಭಯರಾಜಕುಮಾರ ಸುತ್ತದಲ್ಲಿ ರಾಜಕುಮಾರನ ತೊಡೆಯ ಮೇಲೆ ಎಳೆಮಗು ಮಲಗಿರುತ್ತದೆ. ಈ ಮಗು ಕಲ್ಲನ್ನೋ ಕಡ್ಡಿಯನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುತ್ತೀಯೆ ಎಂದು ಬುದ್ಧರು ಕೇಳುತ್ತಾರೆ. ರಕ್ತ ಬಂದರೂ ಸರಿ, ತೆಗೆಯುತ್ತೇನೆ, ಮಗುವಿನ ಮೇಲೆ ನನಗೆ ಕರುಣೆಯಿದೆ ಎನ್ನುತ್ತಾನೆ ಅಭಯ. ಆಗ ಬುದ್ಧರು ತಮ್ಮ ಮಾತಿನ ಅಳತೆಗೋಲು ತಿಳಿಸುತ್ತಾರೆ: ಮಾತು ಸತ್ಯವೇ, ಹಿತವೇ, ಪ್ರಿಯವೇ? ಸತ್ಯವಲ್ಲದ್ದನ್ನು ಅವರು ಆಡುವುದಿಲ್ಲ. ಸತ್ಯವಾದರೂ ಹಿತವಲ್ಲದ್ದನ್ನು ಆಡುವುದಿಲ್ಲ. ಸತ್ಯವೂ ಹಿತವೂ ಆದದ್ದನ್ನು, ಅದು ಅಪ್ರಿಯವಾದರೂ, ಕಾಲ ನೋಡಿ ಆಡುತ್ತಾರೆ.

ಇಲ್ಲಿ ನಾವು ಜಾರುವುದು ಸುಲಭ. "ಕಾಲ ನೋಡುವುದು" ಪಿಆರ್‌ನವರಿಗೂ ಗೊತ್ತು. ರಜೆಯ ಹಿಂದಿನ ಸಂಜೆ ಕಹಿ ಸುದ್ದಿ ಬಿಡುವುದು ಹಳೆಯ ಉಪಾಯ. ಬುದ್ಧರು ಕಾಲ ನೋಡುವುದು ಕೇಳುವವನಿಗೆ ಮಾತು ತಲುಪಲೆಂದು. ಈ ಉಪಾಯ ಕಾಲ ನೋಡುವುದು ಮಾತು ತಲುಪದಿರಲೆಂದು. ಕ್ಲೈಂಟಿನ ಗುಟ್ಟು ಕಾಯುವುದು ತಪ್ಪಲ್ಲ, ಎಲ್ಲವನ್ನೂ ಎಲ್ಲರಿಗೂ ಹೇಳಬೇಕೆಂದು ಧಮ್ಮ ಹೇಳುವುದಿಲ್ಲ. ಆದರೆ ಆ ಗುಟ್ಟಿನ ಹಿಂದೆ ಯಾರದೋ ಬಾಯಲ್ಲಿ ಕಲ್ಲಿದ್ದರೆ, ಮೌನ ಮೌನವಾಗಿ ಉಳಿಯುವುದಿಲ್ಲ.

ಕಲ್ಲು ತೆಗೆದವರೂ ಇದ್ದಾರೆ. 1982ರಲ್ಲಿ ಶಿಕಾಗೋ ಸುತ್ತಮುತ್ತ ಟೈಲೆನಾಲ್ ಕ್ಯಾಪ್ಸೂಲ್‌ಗಳಿಗೆ ಯಾರೋ ಸಯನೈಡ್ ಸೇರಿಸಿ ಏಳು ಜನ ಸತ್ತರು. ಜಾನ್ಸನ್ ಅಂಡ್ ಜಾನ್ಸನ್ ತನ್ನದೇ ಮಾತ್ರೆ ತಿನ್ನಬೇಡಿ ಎಂದು ಜನರನ್ನು ಎಚ್ಚರಿಸಿ, ಸುಮಾರು 3.1 ಕೋಟಿ ಬಾಟಲಿಗಳನ್ನು ಹಿಂದಕ್ಕೆ ತರಿಸಿತು. ಆ ಎಚ್ಚರಿಕೆಯನ್ನು ಮನೆಮನೆಗೆ ಮುಟ್ಟಿಸಿದ್ದೂ ಸಂಪರ್ಕದ ಕೆಲಸವೇ.

*ಹಾಗಾದರೆ ಕೆಲಸ ಬಿಡಬೇಕೇ?*

ಉಪಾಸಕರು ಮಾಡಬಾರದ ಐದು ವ್ಯಾಪಾರಗಳು ಶಸ್ತ್ರ, ಜೀವಿಗಳು, ಮಾಂಸ, ಮದ್ಯ, ವಿಷ. ಸಂಪರ್ಕದ ಕೆಲಸ ಅದರಲ್ಲಿಲ್ಲ. ಆದರೆ ಮಹಾಚತ್ತಾರೀಸಕ ಸುತ್ತ ಮಿಥ್ಯಾ ಆಜೀವದ ಪಟ್ಟಿಯನ್ನು ಕುಹನಾ, ಲಪನಾ ಎಂಬ ಎರಡರಿಂದ ಶುರುಮಾಡುತ್ತದೆ. ಕುಹನಾ ಎಂದರೆ ವಂಚನೆ, ನಮ್ಮ "ಕುಹಕ" ಅದರ ಬಂಧು. ಲಪನಾ ಎಂದರೆ ಲಾಭಕ್ಕಾಗಿ ಆಡುವ ನಯದ ಮಾತು. ವೃತ್ತಿ ಶುದ್ಧವಾಗಿದ್ದರೂ ಅದನ್ನು ಮಾಡುವ ರೀತಿ ಕೆಡಬಹುದು. ಆ ಬಂಧುವಿಗೆ ನನ್ನ ಉತ್ತರ: ಕೆಲಸ ಬಿಡುವ ಮೊದಲು ಕರಡು ತಿದ್ದಿ. ತಿದ್ದಲು ಬಿಡದ ಕಡೆ ಸಹಿ ಹಾಕಬೇಡಿ. ಅದಕ್ಕೆ ಬೆಲೆ ತೆರಬೇಕಾಗಬಹುದು. ನಿಮ್ಮ ಅಸಮಾಧಾನವನ್ನು ಮಾತ್ರ ದೂಡಬೇಡಿ. ಅದು ಹಿರಿ, ಒತ್ತಪ್ಪ: ಪಾಪಕ್ಕೆ ನಾಚುವ, ಅಂಜುವ ಒಳ್ಳೆಯ ಮನಸ್ಸು.

*ಇಂದಿನ ಅಭ್ಯಾಸ*

ಇಂದು ಏನನ್ನಾದರೂ ಕಳಿಸುವ ಮುನ್ನ, ಅದು ಪ್ರೆಸ್ ನೋಟ್ ಇರಲಿ, ವಾಟ್ಸಾಪ್ ಫಾರ್ವರ್ಡ್ ಇರಲಿ, ಮೂರು ಉಸಿರು ನಿಲ್ಲಿ. ಕೇಳಿಕೊಳ್ಳಿ:
1. ಇದನ್ನು ಓದಿದವರು ಏನನ್ನು ನಂಬುತ್ತಾರೆ? ಅದು ನಿಜವೇ?
2. ನನಗೆ ಗೊತ್ತಿರುವುದೆಲ್ಲ ಅವರಿಗೂ ಗೊತ್ತಾದರೆ, ನನ್ನಿಂದ ಮೋಸಹೋದೆವು ಎನ್ನುತ್ತಾರೆಯೇ?
3. ಈ ಮಾತಿನಿಂದ, ಈ ಮೌನದಿಂದ ಹಿತ ಯಾರಿಗೆ?

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು 🙏