ಆರಡಿ ಆಳು

ಅಕ್ಕಂದಿರೆ, ನಮ್ಮ ರಾಯಾಪುರದ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಕೇಳಿದಳು: "ನಮ್ಮನಿಯವರು ಆರಡಿ ಆಳು. ಎತ್ತರ ಇದ್ದವರಿಗೆ ಕ್ಯಾನ್ಸರ್ ಜಾಸ್ತಿ ಅಂತಾರ. ಖರೇ ಏನ್ರಿ?"

ಖರೇ ಐತಿ. ಆದರೆ ಎಷ್ಟು ಜಾಸ್ತಿ? ಲೆಕ್ಕ ನೋಡೋಣ.

ನಮ್ಮ ಮೈಯಲ್ಲಿ ಕಣ್ಣಿಗೆ ಕಾಣದ ಜೀವಕಣಗಳಿವೆ. ಒಂದು ಕಣ ಕೆಟ್ಟು, ತಡೆಯಿಲ್ಲದೆ ಬೆಳೆದರೆ ಅದೇ ಕ್ಯಾನ್ಸರ್. ದೊಡ್ಡ ಮನೆಗೆ ಇಟ್ಟಂಗಿ ಹೆಚ್ಚು. ಹಾಗೇ ಎತ್ತರದ ಮೈಗೆ ಕಣ ಹೆಚ್ಚು. ಕೆಡುವುದೂ ತುಸು ಹೆಚ್ಚು.

ಗಿಡ್ಡ ಗಂಡಸರಲ್ಲಿ 10 ಮಂದಿಗೆ ರೋಗ ಬಂತು ಅನ್ನಿ. ಅವರಿಗಿಂತ 4 ಇಂಚು ಎತ್ತರದ ಅಷ್ಟೇ ಗಂಡಸರಲ್ಲಿ ಸುಮಾರು 11 ಮಂದಿಗೆ ಬರುತ್ತದೆ. ಒಬ್ಬರಷ್ಟೇ ಹೆಚ್ಚು! ಹೆಂಗಸರಿಗೂ ಹೆಚ್ಚುಕಡಿಮೆ ಹೀಗೇ. ಇದಕ್ಕೆ ಹೆದರಿ ಮಗನ ಹಾಲು, ತತ್ತಿ ಕಡಿಮೆ ಮಾಡಬೇಡಿ ಮತ್ತೆ!

"ನಿಮ್ಮನಿಯವರು ಗುಟ್ಕಾ ತಿಂತಾರೇನು?" ಎಂದು ಕೇಳಿದೆವು. ಅಕ್ಕ ತಲೆ ತಗ್ಗಿಸಿದಳು. "ದಿನಾ ಹತ್ತು ಚೀಟು."

ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧವಾಯಿತು. ಈಗ ಪಾನ್ ಮಸಾಲಾ ಬೇರೆ, ತಂಬಾಕು ಬೇರೆ ಕೊಂಡು ಕಲಸಿ ತಿನ್ನುತ್ತಾರೆ. ಬಾಯಿ ಕ್ಯಾನ್ಸರಿಗೆ ದೊಡ್ಡ ಕಾರಣ ಎತ್ತರ ಅಲ್ಲ, ಈ ತಂಬಾಕು.

ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಇದೆಯೇ? ಎರಡು ವಾರವಾದರೂ ಹುಣ್ಣು ಮಾಯದೇ? ತಡಮಾಡದೆ ಡಾಕ್ಟರಿಗೆ ತೋರಿಸಿ. ಕ್ಯಾನ್ಸರ್ ಆಸ್ಪತ್ರೆ ನಮ್ಮ ಹತ್ತಿರದ ನವನಗರದಲ್ಲೇ ಇದೆ.